ಮೂರು ಬಣ್ಣದ ಗೂಡು

ಚಿಟ್ಟೆಗಿರುವ ಮರ್ಯಾದೆ ಪತಂಗಕ್ಕಿಲ್ಲ. ಇದು ನನ್ನ ಹಳೆಯ ದೂರು. ಚಿಟ್ಟೆ ಹಗಲಲ್ಲಿ ಹೂವಿನ ಮೇಲೆ ಕೂತರೆ ನಾಲ್ಕು ಜನ ನಿಂತು ನೋಡುತ್ತಾರೆ. ಪತಂಗ ಸಂಜೆ ದೀಪಕ್ಕೆ ಬಂದರೆ ಅದೇ ನಾಲ್ಕು ಜನ ಪೊರಕೆ ಹುಡುಕುತ್ತಾರೆ. ಅದರಲ್ಲೂ ಅಂಗೈಯಗಲದ ದೊಡ್ಡ ಪತಂಗಗಳು ಹೇಗೋ ಮಾನ ಉಳಿಸಿಕೊಳ್ಳುತ್ತವೆ. ಅಕ್ಕಿಕಾಳಿನಷ್ಟೇ ಇರುವ, ಧೂಳೋ ಜೀವವೋ ಎಂದು ಗೊತ್ತಾಗದ ಕಂದು ಬಣ್ಣದ ಸಣ್ಣ ಪತಂಗಗಳನ್ನು ಕೇಳುವವರೇ ಇಲ್ಲ. ಆ ಅನಾಥರ ಪರವಾಗಿ ಟೊಂಕ ಕಟ್ಟಿ ನಿಂತವನು ನಾನು. (ಈಗ ನಿಂತಿಲ್ಲ, ಕೂತಿದ್ದೇನೆ. ಕೂತು ಏನು ಮಾಡುತ್ತಿದ್ದೇನೆ ಎಂಬುದನ್ನು ಹೇಳಲು ನಾಚಿಕೆಯಾಗುತ್ತದೆ, ಆದ್ದರಿಂದ ಕೊನೆಗೆ ಹೇಳುತ್ತೇನೆ.)

ನನ್ನದು ಕನ್ನಡಕದ ಅಂಗಡಿ. ಜನರನ್ನು ಕುರ್ಚಿಯ ಮೇಲೆ ಕೂರಿಸಿ, ಮೂಗಿನ ಮೇಲೆ ಗಾಜು ಬದಲಿಸುತ್ತಾ, "ಹೀಗೆ ಚೆನ್ನಾಗಿ ಕಾಣತ್ತಾ, ಹೀಗೆ ಕಾಣತ್ತಾ?" ಎಂದು ಕೇಳುತ್ತಾ ಕೇಳುತ್ತಾ ನನ್ನ ಅರ್ಧ ಆಯುಷ್ಯ ಕಳೆದಿದೆ. ಒಂದು ದಿನ ಗಿರಾಕಿಗಳಿಲ್ಲದೆ ನೊಣ ಹೊಡೆಯುತ್ತಾ ಕೂತಿದ್ದಾಗ, ಗಾಜಿನ ಮೇಜಿನ ಮೇಲೆ ಬಿದ್ದಿದ್ದ ಒಂದು ಚೂರು ಕಸವನ್ನು ಊದಲು ಹೋದೆ. ಊದುವ ಮುಂಚೆ, ಅಭ್ಯಾಸಬಲದಿಂದ, ಭೂತಗನ್ನಡಿ ಹಿಡಿದೆ. ಕಸಕ್ಕೆ ರೆಕ್ಕೆ ಇತ್ತು. ರೆಕ್ಕೆಯ ಅಂಚಿಗೆ ಚಿನ್ನದ ಜರಿ ಇತ್ತು. ಆ ಕ್ಷಣದಲ್ಲೇ ನಾನು ಕೆಟ್ಟೆ.

ಈ ಸಣ್ಣ ಪತಂಗಗಳನ್ನು ನೋಡುವುದು ಸುಲಭ, ಗುರುತಿಸುವುದು ಬ್ರಹ್ಮವಿದ್ಯೆ. ಎಲ್ಲವೂ ಕಂದು. ನಾನು ತರಿಸಿಕೊಂಡ ದಪ್ಪ ಪುಸ್ತಕದಲ್ಲಿ ಒಂದೊಂದರ ಲಕ್ಷಣವನ್ನೂ ಹೀಗೆ ಬರೆದಿರುತ್ತಾರೆ: "ರೆಕ್ಕೆಯ ತುದಿಯಲ್ಲಿ ಮಸುಕಾದ ಚುಕ್ಕೆ, ಕೆಲವೊಮ್ಮೆ ಇರುವುದಿಲ್ಲ." ಕಳ್ಳನನ್ನು ಹುಡುಕುವ ಪೊಲೀಸರಿಗೆ "ಅವನ ಕೆನ್ನೆಯ ಮೇಲೆ ಮಚ್ಚೆ ಇದೆ, ಕೆಲವೊಮ್ಮೆ ಇರುವುದಿಲ್ಲ" ಎಂದು ಹೇಳಿ ಕಳಿಸಿದ ಹಾಗೆ.

ನನ್ನಂಥ ಹುಚ್ಚರದ್ದೇ ಒಂದು ಬಳಗ ಫೋನಿನಲ್ಲಿದೆ. ನಾವು ಫೋಟೋ ಹಾಕುತ್ತೇವೆ, ಹೆಸರು ಊಹಿಸುತ್ತೇವೆ, ಜಗಳವಾಡುತ್ತೇವೆ. ಕೊನೆಗೆ ತೀರ್ಪು ಕೊಡುವವರು ಆ ಬಳಗದ ಹಿರಿಯರು. ಜೀವಮಾನವೆಲ್ಲ ಪತಂಗಗಳ ಜೊತೆ ಕಳೆದ ವಿದ್ವಾಂಸರು, ಮಾತು ಮಾತ್ರ ಬಹಳ ಕಡಿಮೆ. ಯಾರು ಯಾವ ಫೋಟೋ ಹಾಕಿದರೂ ಅವರ ಉತ್ತರ ಒಂದೇ ಪದ: "ಅಸ್ಪಷ್ಟ." ನಾವು ಅವರನ್ನು ಹಿಂದಿನಿಂದ ಅಸ್ಪಷ್ಟ ಮಹಾಶಯರು ಎನ್ನುತ್ತೇವೆ. ಒಂದು ಸಲವಾದರೂ ಅವರ ಬಾಯಲ್ಲಿ ಬೇರೆ ಪದ ಹೊರಡಿಸಬೇಕು ಎಂಬುದು ನನ್ನ ಬಾಳಿನ ಗುರಿಯಾಗಿಬಿಟ್ಟಿತು.

ಮನೆಯಲ್ಲಿ ಈ ಸಾಧನೆಗೆ ಸಿಕ್ಕ ಪ್ರೋತ್ಸಾಹವನ್ನು ಎಷ್ಟೆಂದು ವರ್ಣಿಸಲಿ! ರಾತ್ರಿಯೆಲ್ಲ ಬಚ್ಚಲುಮನೆಯ ದೀಪ ಉರಿಸಿಟ್ಟರೆ ಬೆಳಿಗ್ಗೆ ಗೋಡೆಯ ಮೇಲೆ ಒಳ್ಳೊಳ್ಳೆಯ ಪತಂಗಗಳು ಕೂತಿರುತ್ತವೆ. ನಾನು ಕ್ಯಾಮೆರಾ ಹಿಡಿದು ಒಳಗಿರುತ್ತಿದ್ದೆ. ಕಾಲೇಜಿಗೆ ಹೊರಟ ಮಗಳು ಹೊರಗಿನಿಂದ ಬಾಗಿಲು ಬಡಿಯುತ್ತಿದ್ದಳು.

"ಅಪ್ಪಾ, ಹೊತ್ತಾಯ್ತು!"

"ಒಂದೇ ನಿಮಿಷ ಪುಟ್ಟಿ. ಒಳಗೆ ಅತಿಥಿ ಇದ್ದಾರೆ, ಬಿಸಿನೀರಿನ ಆವಿಗೆ ಎದ್ದು ಹೋಗ್ತಾರೆ."

"ಅತಿಥಿ ಸ್ನಾನ ಮುಗಿಸ್ಕೊಂಡು ಹೋದ್ಮೇಲಾದ್ರೂ ಮನೆಯವರು ಮಾಡ್ಬಹುದಾ?"

ಅಡುಗೆಮನೆಯಿಂದ ನನ್ನ ಹೆಂಡತಿಯ ದನಿ ಬರುತ್ತಿತ್ತು. ಅವಳು ಪ್ರೌಢಶಾಲೆಯಲ್ಲಿ ಗಣಿತದ ಮೇಡಂ. "ರೀ, ಆ ಹುಳದ ಮೀಸೆ ನೋಡೋವಷ್ಟು ಗಮನ ಕೊಟ್ಟು ಒಲೆ ಕಡೆ ನೋಡಿದ್ರೆ ಹಾಲು ಉಕ್ತಿರ್ಲಿಲ್ಲ."

"ಮೀಸೆ ಅಲ್ಲ ಕಣೇ, ಅದು ತುಟಿಯ ಪಕ್ಕದ ಅಂಗ. ಮೇಲಕ್ಕೆ ಬಾಗಿದ್ರೆ ಒಂದು ಜಾತಿ, ಕೆಳಗೆ ಬಾಗಿದ್ರೆ ಇನ್ನೊಂದು ಜಾತಿ."

"ಹಾಲು ಯಾವ ಕಡೆ ಬಾಗಿದ್ರೂ ಒರೆಸೋಳು ನಾನೇ ತಾನೆ."

ಇದೆಲ್ಲ ಇದ್ದದ್ದೇ. ಈಗ ನಾನು ಹೇಳಬೇಕಾದದ್ದು ಆ ಶಾಲಿನ ವಿಷಯ.

ನಮ್ಮ ಮನೆಯ ಹಿಂಭಾಗದಲ್ಲಿ ಒಂದು ಸಣ್ಣ ಕೋಣೆ ಇದೆ. ಅಲ್ಲಿ ಹೊಲಿಗೆ ಯಂತ್ರ, ಕಾಲು ಮುರಿದ ಕುರ್ಚಿ, ಒಂದು ತಗಡಿನ ಟ್ರಂಕು. ಟ್ರಂಕಿನಲ್ಲಿ ನನ್ನ ಅತ್ತೆ ಹೆಣೆದ ಉಣ್ಣೆಯ ಶಾಲು. ಅತ್ತೆ ಈಗಿಲ್ಲ. ಕಡೆಗಾಲದಲ್ಲಿ ಅವರಿಗೆ ಕಣ್ಣು ಮಂಜಾಗಿತ್ತು. ನಾನೇ ಪರೀಕ್ಷೆ ಮಾಡಿ, ನಾನೇ ಗಾಜು ಉಜ್ಜಿ, ದಪ್ಪ ಕನ್ನಡಕ ಮಾಡಿ ಕೊಟ್ಟೆ. ಅದನ್ನು ಹಾಕಿಕೊಂಡ ದಿನ ಅವರು ತಮ್ಮ ಕೈಗಳನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡು, "ಅಳಿಯಂದಿರು ಕಣ್ಣು ಕೊಟ್ರು, ಇನ್ನು ಕೈ ಸುಮ್ನಿರೋ ಹಾಗಿಲ್ಲ" ಎಂದು ಹೆಣಿಗೆ ಕಡ್ಡಿ ಹಿಡಿದರು. ಆ ಶಾಲಿಗೆ ಮೂರು ಬಣ್ಣದ ಪಟ್ಟೆಗಳು: ಹಸಿರು, ಹಳದಿ, ಕಡುಗೆಂಪು, ಮತ್ತೆ ಹಸಿರು, ಹಳದಿ, ಕಡುಗೆಂಪು. ಹಸಿರು, ಕೆಂಪು ಅಂಗಡಿಯಿಂದ ತಂದದ್ದು. ಹಳದಿ ಮಾತ್ರ ಅವರು ಹುಡುಗಿಯಾಗಿದ್ದಾಗ ತೊಡುತ್ತಿದ್ದ ಸ್ವೆಟರನ್ನು ಬಿಚ್ಚಿ ತೆಗೆದ ನೂಲು. ಅಂಥ ಹಳದಿ ಈಗ ಎಲ್ಲಿಯೂ ಇಲ್ಲ.

ಅತ್ತೆಗೆ ಇಬ್ಬರು ಹೆಣ್ಣುಮಕ್ಕಳು, ಶಾಲು ಒಂದೇ. ಆದ್ದರಿಂದ ಒಂದು ಚಳಿಗಾಲ ಅಕ್ಕನಿಗೆ, ಒಂದು ಚಳಿಗಾಲ ತಂಗಿಯಾದ ನನ್ನ ಹೆಂಡತಿಗೆ ಎಂದು ಅವರವರೇ ಮಾತಾಡಿಕೊಂಡಿದ್ದಾರೆ. ಚಳಿ ಶುರುವಾಗುವ ಹೊತ್ತಿಗೆ ಒಂದು ಭಾನುವಾರ ಹಸ್ತಾಂತರ ಸಮಾರಂಭ. ಅಕ್ಕ ಆಸ್ಪತ್ರೆಯಲ್ಲಿ ದೊಡ್ಡ ನರ್ಸು. ಶಾಲನ್ನು ಕೈಗೆ ತೆಗೆದುಕೊಳ್ಳುವಾಗ ಹೊಸದಾಗಿ ಸೇರಿದ ರೋಗಿಯನ್ನು ನೋಡುವಂತೆ ಹಿಂದೆ ಮುಂದೆ ಮಗುಚಿ ನೋಡುತ್ತಾರೆ. ಕೊಡುವಾಗ, "ನುಸಿಗುಳಿಗೆ ಹಾಕಿಡೇ, ಮರೀಬೇಡ" ಎಂದು ತಂಗಿಗೆ ತಪ್ಪದೆ ಹೇಳುತ್ತಾರೆ. ಕಳೆದ ಚಳಿಗಾಲ ನಮ್ಮ ಸರದಿ. ಹೊದ್ದು ಮುಗಿದ ಮೇಲೆ ನನ್ನ ಹೆಂಡತಿ ಶಾಲನ್ನು ಮಡಿಸಿ, ಮಡಿಕೆ ಮಡಿಕೆಗೂ ಗುಳಿಗೆ ಇಟ್ಟು, ಟ್ರಂಕು ಮುಚ್ಚಿದ್ದಳು.

ಆ ಕೋಣೆಯ ಕಿಟಕಿ ಕಳೆ ಬೆಳೆದ ಖಾಲಿ ಜಾಗಕ್ಕೆ ತೆರೆಯುತ್ತದೆ. ಪತಂಗಗಳಿಗೆ ಅದಕ್ಕಿಂತ ಒಳ್ಳೆಯ ಹೆಬ್ಬಾಗಿಲು ಇಲ್ಲ. ನಾನು ಅಲ್ಲಿ ದೀಪ ಹಾಕಿ, ಬಿಳಿ ಬಟ್ಟೆ ಕಟ್ಟಿ, ಹುಳ ಸಾಕುವ ಡಬ್ಬಿಗಳನ್ನು ಟ್ರಂಕಿನ ಮೇಲೆ ಜೋಡಿಸಿದೆ. ಒಂದೂ ಒಳಗೆ ಬರಲಿಲ್ಲ. ಬಂದವೂ ಕಿಟಕಿಯಲ್ಲೇ ಹಿಂದೆ ಸರಿದವು. ಡಬ್ಬಿಯ ಹುಳಗಳು ಊಟ ಬಿಟ್ಟವು. ಮೂಗು ಅರಳಿಸಿ ನೋಡಿದರೆ ಟ್ರಂಕಿನಿಂದ ಗುಳಿಗೆಯ ವಾಸನೆ ಗಮ್ಮೆಂದು ಬರುತ್ತಿತ್ತು. ವಿಜ್ಞಾನದ ಹಾದಿಗೆ ಅಡ್ಡ ಬಂದದ್ದನ್ನು ಸರಿಸಲೇಬೇಕಲ್ಲ? ಹೆಂಡತಿ ಶಾಲೆಗೆ ಹೋಗಿದ್ದಾಗ ಟ್ರಂಕು ತೆಗೆದು ಗುಳಿಗೆಗಳನ್ನೆಲ್ಲ ಆರಿಸಿ, ಒಂದು ಕನ್ನಡಕದ ಪೆಟ್ಟಿಗೆಯಲ್ಲಿ ತುಂಬಿ, ಅಂಗಡಿಯ ಡ್ರಾಯರಿನಲ್ಲಿ ಇಟ್ಟೆ. ಚಳಿಗಾಲಕ್ಕೆ ಮುಂಚೆ ವಾಪಸು ಇಟ್ಟರಾಯಿತು, ಯಾರಿಗೆ ಗೊತ್ತಾಗುತ್ತದೆ? ಒಳಗೂ ಒಂದಿಷ್ಟು ಗಾಳಿ ಆಡಲಿ ಎಂದು ಟ್ರಂಕಿನ ಮುಚ್ಚಳವನ್ನು ಚೂರು ಓರೆ ಬಿಟ್ಟೆ. ಅಷ್ಟು ಉಪಕಾರವನ್ನೂ ಮಾಡಿದೆ.

ಒಂದು ಸಂಜೆ ಹೆಂಡತಿ ಕೇಳಿದಳು, "ಟ್ರಂಕಿಗೆ ಹೊಸ ಗುಳಿಗೆ ಹಾಕ್ಬೇಕೇನ್ರೀ? ಹಳೇವು ಕರಗಿರ್ತವೆ."

"ಏನೂ ಕರಗಿಲ್ಲ, ಗಟ್ಟಿಯಾಗೇ ಇವೆ," ಎಂದೆ.

ಅದು ಸುಳ್ಳಲ್ಲ. ಗಟ್ಟಿಯಾಗಿಯೇ ಇದ್ದವು, ನನ್ನ ಅಂಗಡಿಯಲ್ಲಿ.

ಗುಳಿಗೆ ಹೋದ ಮೇಲೆ ಕೋಣೆಗೆ ಕಳೆ ಬಂತು. ಅಲ್ಲಿ ನಾನು ಒಂದು ವಿಚಿತ್ರವಾದ ಸಣ್ಣ ಪತಂಗವನ್ನು ಕಂಡೆ. ಒಣಹುಲ್ಲಿನ ಬಣ್ಣ, ರೆಕ್ಕೆಯ ಮೇಲೆ ಮಸುಕು ಚುಕ್ಕೆ (ಕೆಲವೊಮ್ಮೆ ಇರುತ್ತಿರಲಿಲ್ಲ). ಉಳಿದವೆಲ್ಲ ದೀಪಕ್ಕೆ ಬಂದರೆ ಇದು ದೀಪ ಕಂಡರೆ ಓಡುತ್ತಿತ್ತು. ಹಾರುವುದಕ್ಕಿಂತ ಹೆಚ್ಚಾಗಿ ಸಂದಿಗೊಂದಿಯಲ್ಲಿ ನುಸುಳುತ್ತಿತ್ತು. ಎಂಥ ಸಂಕೋಚದ ಜೀವ! ನನಗೆ ಅದರ ಮೇಲೆ ಮಮಕಾರ ಉಕ್ಕಿತು.

ನನ್ನ ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಇದು ಬಟ್ಟೆ ತಿನ್ನೋ ಹುಳ ಅಲ್ವೇನ್ರೀ?"

ನಾನು ನಕ್ಕುಬಿಟ್ಟೆ. ಆ ನಗುವನ್ನು ಈಗ ವಾಪಸು ತೆಗೆದುಕೊಳ್ಳಲು ಏನು ಬೇಕಾದರೂ ಕೊಟ್ಟೇನು. "ನೋಡು, ಸಣ್ಣ ಪತಂಗಗಳನ್ನ ಬಣ್ಣ ನೋಡಿ ಹೆಸರು ಹೇಳೋಕಾಗಲ್ಲ. ರೆಕ್ಕೆಯ ನರ ನೋಡ್ಬೇಕು, ತಲೆಯ ಕೂದಲು ನೋಡ್ಬೇಕು, ಮರಿಹುಳ ಏನ್ ತಿನ್ನತ್ತೆ ಅಂತ ತಿಳೀಬೇಕು. ನೀನು ಗಣಿತದವಳು. ಸಾಬೀತಾಗದ್ದನ್ನ ಒಪ್ಕೋತೀಯಾ?"

"ಒಪ್ಕೊಳಲ್ಲ. ಆದ್ರೆ ಸಾಬೀತಾಗೋವರೆಗೂ ಒಂದೇಟು ಪೊರಕೆಯಲ್ಲಿ ಹೊಡೆದಿಟ್ರೆ ತಪ್ಪೇನು?"

"ಬರೀ ಅನುಮಾನದ ಮೇಲೆ ಒಂದು ಜೀವಕ್ಕೆ ಶಿಕ್ಷೆ ಕೊಡೋದಾ?"

"ಟ್ರಂಕಿನಲ್ಲಿ ಅಮ್ಮನ ಶಾಲು ಇದೆ ಕಣ್ರೀ."

"ಗುಳಿಗೆ ಇಟ್ಟಿದ್ದೀಯಲ್ಲ!" ಎಂದೆ ನಾನು.

ಅವಳು ಹೌದಲ್ಲ ಎಂದು ಸಮಾಧಾನಪಟ್ಟುಕೊಂಡು ಹೋದಳು. ನನ್ನ ಮಾತನ್ನು ನಂಬಿ ಹೋದಳು. ನಾನೂ ಪುಸ್ತಕದಲ್ಲಿ ತಲೆ ಹುದುಗಿಸಿದೆ.

ಕೆಲವು ವಾರಗಳಾದ ಮೇಲೆ ನನ್ನ ಭಾಗ್ಯದ ಬಾಗಿಲು ತೆರೆಯಿತು. ಮನೆ ಗೋಡೆಗಳ ಮೇಲೆ ಸೌತೆಬೀಜದಂಥ ಬೂದು ಬಣ್ಣದ ಗೂಡನ್ನು ಎಳೆದುಕೊಂಡು ಹೋಗುವ ಸಣ್ಣ ಹುಳವನ್ನು ನೀವೂ ನೋಡಿರುತ್ತೀರಿ. ಸಿಕ್ಕಿದ ಕಸವನ್ನೇ ನೂತು ಮನೆ ಮಾಡಿಕೊಂಡು, ಆ ಮನೆಯನ್ನೇ ಹೊತ್ತು ತಿರುಗುವ ಬಡಪಾಯಿ ಅದು. ಆ ಸಣ್ಣ ಕೋಣೆಯ ಗೋಡೆಯ ಮೇಲೆ ಅಂಥದೇ ಒಂದು ಗೂಡು ತೆವಳುತ್ತಿತ್ತು. ಆದರೆ ಬೂದು ಅಲ್ಲ! ಭೂತಗನ್ನಡಿಯಲ್ಲಿ ನೋಡಿದರೆ ಅದರ ಮೈಗೆ ಉಂಗುರ ತೊಡಿಸಿದಂತೆ ಪಟ್ಟೆಗಳು: ಹಸಿರು, ಹಳದಿ, ಕಡುಗೆಂಪು.

ತಡಮಾಡದೆ ಫೋಟೋ ತೆಗೆದು ಬಳಗಕ್ಕೆ ಹಾಕಿದೆ. ಬಳಗ ಎದ್ದು ಕುಣಿಯಿತು. "ಹೊಸ ಜಾತಿ ಇರಬಹುದು" ಎಂದರು ಒಬ್ಬರು. "ಇರಬಹುದು ಏನು, ಇದ್ದೇ ಇದೆ" ಎಂದರು ಇನ್ನೊಬ್ಬರು. ನಾನು ನನ್ನ ಸಿದ್ಧಾಂತವನ್ನು ಮಂಡಿಸಿದೆ: ಹುಳ ಕಿಟಕಿಯಾಚೆಯ ಕಳೆಗಿಡದಿಂದ ಬಂದಿದೆ, ಹಸಿರು ಎಲೆಯದು, ಹಳದಿ ಹೂವಿನ ಪರಾಗದ್ದು, ಕಡುಗೆಂಪು ಎಸಳಿನದು. ಎಲ್ಲರೂ ಭೇಷ್ ಎಂದರು. ಅಸ್ಪಷ್ಟ ಮಹಾಶಯರು ಮಾತ್ರ ಎಲ್ಲೋ ಪ್ರವಾಸದಲ್ಲಿದ್ದರು, ಉತ್ತರ ಬರಲಿಲ್ಲ. ಮೌನಂ ಸಮ್ಮತಿ ಲಕ್ಷಣಂ ಎಂದುಕೊಂಡೆ.

ಹೆಂಡತಿಗೆ ಅದನ್ನು ಆವತ್ತೇ ತೋರಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಅವಳು ಪಕ್ಕದಲ್ಲೇ ಕೂತು ಉತ್ತರಪತ್ರಿಕೆ ತಿದ್ದುತ್ತಿದ್ದಳು. ಫೋನನ್ನು ಒಂದು ಗೇಣು ಸರಿಸಿದ್ದರೆ ಸಾಕಿತ್ತು. ನಾನು ಸರಿಸಲಿಲ್ಲ. ಇಷ್ಟು ದಿನ ನನ್ನನ್ನು ಗೇಲಿ ಮಾಡಿದವಳಿಗೆ ಒಮ್ಮೆಗೇ ದೊಡ್ಡದಾಗಿ ತೋರಿಸಿ ಬೆರಗುಗೊಳಿಸಬೇಕು ಎಂಬ ಚಪಲ. ಫೋಟೋವನ್ನು ಬಾಗಿಲಿನಷ್ಟು ಅಗಲಕ್ಕೆ ಮುದ್ರಿಸಿ, ಕಟ್ಟು ಹಾಕಿಸಿ, ಹಾಲ್‌ನ ಗೋಡೆಗೆ ತೂಗುಹಾಕಿ, ಮೇಲೆ ಸ್ನಾನದ ಟವೆಲು ಹೊದಿಸಿದೆ. ಅನಾವರಣಕ್ಕೆ ಸಭಿಕರು ಬೇಕಲ್ಲ? ಅಕ್ಕ ಶಾಲು ಒಯ್ಯಲು ಬರುವ ಭಾನುವಾರವನ್ನೇ ಆರಿಸಿದೆ. (ಗುಳಿಗೆಯನ್ನು ವಾಪಸು ಇಡಬೇಕೆಂಬುದು ಕಟ್ಟು ಹಾಕಿಸುವ ಓಡಾಟದಲ್ಲಿ ಮರೆತೇ ಹೋಗಿತ್ತು.)

ಅಕ್ಕ ಬಂದರು. ಅಕ್ಕತಂಗಿಯರು ಸೋಫಾದ ಮೇಲೆ ಕೂತರು, ಪುಟ್ಟಿ ಬಾಗಿಲಿಗೆ ಒರಗಿ ನಿಂತಳು. ನಾನು ಗಂಟಲು ಸರಿಮಾಡಿಕೊಂಡು, ಪ್ರಕೃತಿ ಮಾತೆಯ ಕುಸುರಿ ಕೆಲಸ, ಉಪೇಕ್ಷಿತ ಜೀವಗಳು, ಸಾಧಕನ ತಾಳ್ಮೆ ಮುಂತಾಗಿ ಒಂದು ಪುಟ್ಟ ಭಾಷಣ ಮಾಡಿ ಟವೆಲು ಎಳೆದೆ.

"ಅಬ್ಬಾ!" ಎಂದರು ಅಕ್ಕ. ಅವರ ಬಾಯಿಂದ ನನ್ನ ಬಗ್ಗೆ ಹೊರಟ ಮೊದಲ ಹೊಗಳಿಕೆ ಅದು. "ನಿಜವಾಗ್ಲೂ ಚೆನ್ನಾಗಿದೆ. ಬಣ್ಣ ನೋಡೇ, ನಮ್ಮಮ್ಮನ ಶಾಲಿನ ಹಾಗೇ ಇದೆ."

"ಹೌದಲ್ವಾ!" ನನ್ನ ಹೆಂಡತಿ ಖುಷಿಯಾಗಿ ಎದ್ದು ಹತ್ತಿರ ಬಂದಳು. "ಹಸಿರು, ಹಳದಿ, ಕಡುಗೆಂಪು... ಮತ್ತೆ ಹಸಿರು..." ಬೆರಳು ಪಟ್ಟೆಯಿಂದ ಪಟ್ಟೆಗೆ ಸರಿಯುತ್ತಿದ್ದದ್ದು ನಿಂತಿತು. ಚಿತ್ರ ದೊಡ್ಡದಾಗಿತ್ತಲ್ಲ, ಒಂದೊಂದು ಎಳೆಯೂ ಹಗ್ಗದಷ್ಟು ದಪ್ಪ ಕಾಣುತ್ತಿತ್ತು.

"ಪ್ರಕೃತಿಯಲ್ಲಿ ಇಂಥ ಕಾಕತಾಳೀಯ ಎಷ್ಟೋ ಇರ್ತವೆ," ಎಂದೆ ನಾನು ಹೆಮ್ಮೆಯಿಂದ.

"ಈ ಹಳದಿ ಪ್ರಕೃತಿಯಲ್ಲಿಲ್ಲ ಕಣ್ರೀ," ಎಂದಳು ಅವಳು ಮೆಲ್ಲಗೆ. "ಇದು ಅಮ್ಮನ ಸ್ವೆಟರಿಂದು."

ಅಕ್ಕ ತಂಗಿಯನ್ನು ನೋಡಿದರು. ತಂಗಿ ಅಕ್ಕನನ್ನು ನೋಡಿದಳು. ಇಬ್ಬರೂ ನನ್ನನ್ನು ನೋಡಿದರು. ಆಮೇಲೆ ಇಬ್ಬರೂ ಸಣ್ಣ ಕೋಣೆಯತ್ತ ಓಡಿದರು. ಪುಟ್ಟಿ ನನ್ನ ಹತ್ತಿರ ಬಂದು ಪಿಸುಗುಟ್ಟಿದಳು, "ಅಪ್ಪಾ, ಅಂಗಡಿಗೆ ಹೊರಡು. ಭಾನುವಾರ ಆದ್ರೂ ಪರವಾಗಿಲ್ಲ."

ನಾನು ಹೋಗಲಿಲ್ಲ. ಅವರ ಹಿಂದೆಯೇ ಕೋಣೆಗೆ ನಡೆದೆ.

ಶಾಲು ಮಡಿಕೆಯಲ್ಲಿ ಚೆನ್ನಾಗಿಯೇ ಕಾಣುತ್ತಿತ್ತು. ಅಕ್ಕತಂಗಿಯರು ಎರಡು ಕಡೆ ಹಿಡಿದು ಬಿಡಿಸಿದಾಗ ಅದರೊಳಗಿಂದ ಕಿಟಕಿಯ ಬೆಳಕು ಚುಕ್ಕೆ ಚುಕ್ಕೆಯಾಗಿ ನೆಲದ ಮೇಲೆ ಬಿತ್ತು. ಹಸಿರು, ಕೆಂಪು ಅಲ್ಲಲ್ಲಿ ತೂತಾಗಿದ್ದವು. ಹಳದಿ ಪಟ್ಟೆಗಳು ಸೊಳ್ಳೆಪರದೆಯಾಗಿದ್ದವು. ಮಡಿಕೆಗಳಲ್ಲಿ ನನ್ನ ಹೊಸ ಜಾತಿ ಸಂಸಾರಸಮೇತ ತೆವಳಾಡುತ್ತಿತ್ತು. ತಿಂದ ಬಣ್ಣವನ್ನೇ ಉಟ್ಟುಕೊಂಡಿತ್ತು. ಮರಿಹುಳ ಏನು ತಿನ್ನುತ್ತದೆ ಎಂಬ ನನ್ನ ಕಡೆಯ ಪ್ರಶ್ನೆಗೂ ಉತ್ತರ ಸಿಕ್ಕಿತು.

ನನ್ನ ಹೆಂಡತಿ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಟ್ರಂಕಿನೊಳಗೆ ಕೈಯಾಡಿಸಿ ನೋಡಿ ಕೇಳಿದಳು, "ಗುಳಿಗೆ ಎಲ್ಲಿ?"

"ಅಂಗಡಿಯಲ್ಲಿ," ಎಂದೆ.

"ಗಟ್ಟಿಯಾಗಿವೆಯಾ?"

ಅಷ್ಟೇ ಕೇಳಿದ್ದು. ಅತ್ತೆ ನಾನು ಮಾಡಿಕೊಟ್ಟ ಕನ್ನಡಕದೊಳಗಿಂದ ಹೆಣಿಗೆಯ ಒಂದೊಂದೇ ಕುಣಿಕೆಯನ್ನು ಕಣ್ಣ ಹತ್ತಿರ ಹಿಡಿದು ಎಣಿಸುತ್ತಿದ್ದದ್ದು ನೆನಪಾಯಿತು. ನಾನು ಕೊಟ್ಟ ಕಣ್ಣಿನಿಂದ ಅವರು ಹೆಣೆದದ್ದನ್ನು ನನ್ನ ಕಣ್ಣೆದುರೇ ಹುಳಕ್ಕೆ ಹಾಕಿದ್ದೆ. ಅದೂ ಫೋಟೋ ತೆಗೆಯುತ್ತಾ. ನನಗೆ ಅಳು ಬಂತು, ಆದರೆ ಅಳುವ ಅಧಿಕಾರ ಆ ಕೋಣೆಯಲ್ಲಿ ಬೇರೆ ಇಬ್ಬರಿಗಿತ್ತು.

ಆಗ ಹಾಲ್‌ನಲ್ಲಿ ನನ್ನ ಫೋನು ಟಿಣ್ ಎಂದಿತು. ಪುಟ್ಟಿ ತೆಗೆದು ನೋಡಿದಳು. "ಅಪ್ಪಾ, ನಿನ್ನ ಮಹಾಶಯರು ಉತ್ತರ ಕಳಿಸಿದ್ದಾರೆ."

"ಏನಂತೆ?" ಎಂದರು ಅಕ್ಕ.

ಪುಟ್ಟಿ ಓದಿದಳು: "ಸ್ಪಷ್ಟ. ಉಣ್ಣೆ ಬಟ್ಟೆ ನೋಡಿಕೊಳ್ಳಿ."

ನನ್ನ ಬಾಳಿನ ಗುರಿ ಈಡೇರಿತು.

ಅಕ್ಕ ಶಾಲನ್ನು ಹಿಂದೆ ಮುಂದೆ ಮಗುಚಿ ನೋಡಿ, ಕಣ್ಣೊರೆಸಿಕೊಂಡು, ನರ್ಸಿನ ದನಿಗೆ ಬಂದರು. "ಮೊದಲು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರೀಜರಿನಲ್ಲಿ ಇಡೇ, ಹುಳ ಸಾಯ್ಲಿ. ಆಮೇಲೆ ಹೊಲಿಗೆ. ಶಾಲಿಗೆ ಇನ್ನೂ ಜೀವ ಇದೆ, ಉಳ್ಕೊಳತ್ತೆ. ಆದ್ರೆ ಇದಕ್ಕೆ ಕಣ್ಣು ತುಂಬಾ ಸೂಕ್ಷ್ಮ ಇರೋರು ಬೇಕು. ಕೈ ನಡುಗ್ಬಾರ್ದು. ಚಿಮಟ ಹಿಡಿದು ಅಭ್ಯಾಸ ಇರ್ಬೇಕು. ಗಂಟೆಗಟ್ಟಲೆ ಕದಲ್ದೆ ಕೂರೋ ತಾಳ್ಮೆ ಬೇಕು."

ಇಬ್ಬರೂ ನನ್ನತ್ತ ತಿರುಗಿದರು. ಸಾಧಕನ ತಾಳ್ಮೆಯ ಬಗ್ಗೆ ಆಗತಾನೇ ಭಾಷಣ ಮಾಡಿದ್ದು ನಾನೇ.

ಹಾಗಾಗಿ ಈಗ ಕೂತಿದ್ದೇನೆ, ಕಿಟಕಿಯ ಹತ್ತಿರ, ಮಡಿಲಲ್ಲಿ ಶಾಲು ಹರಡಿಕೊಂಡು, ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು. ಅಂಗಡಿ ಮುಚ್ಚಿ ಬಂದರೆ ಇದೇ ಕೆಲಸ. ಪುಟ್ಟಿ ಹೊತ್ತಿಗೆ ಸರಿಯಾಗಿ ಸ್ನಾನ ಮಾಡುತ್ತಾಳೆ. ಹಸಿರು ಸಿಕ್ಕಿತು, ಕಡುಗೆಂಪು ಸಿಕ್ಕಿತು. ಹಳದಿಗೆ ಊರಿನ ಉಣ್ಣೆ ಅಂಗಡಿಗಳನ್ನೆಲ್ಲ ಜಾಲಾಡಿದೆ. ಜಗತ್ತಿನಲ್ಲಿ ಕಂದು ಪತಂಗಗಳಿಗಿಂತ ಹಳದಿ ನೂಲುಗಳೇ ಹೆಚ್ಚು, ಒಂದಕ್ಕೊಂದು ಹೋಲುವುದರಲ್ಲಿ ಅವನ್ನೂ ಮೀರಿಸುತ್ತವೆ. ಹತ್ತಿರದ್ದೊಂದನ್ನು ತಂದು ನಾಲ್ಕು ಹೊಲಿಗೆ ಹಾಕಿ ಹೆಂಡತಿಗೆ ತೋರಿಸುತ್ತೇನೆ. ಅವಳು ನನ್ನದೇ ಭೂತಗನ್ನಡಿ ಇಸಿದುಕೊಂಡು, ಕಿಟಕಿಯ ಬೆಳಕಿಗೆ ಹಿಡಿದು, ಮೀಸೆ ಮೇಲಕ್ಕೆ ಬಾಗಿದೆಯೋ ಕೆಳಕ್ಕೋ ಎಂಬಂತೆ ಪರೀಕ್ಷಿಸುತ್ತಾಳೆ.

"ಅಸ್ಪಷ್ಟ," ಎನ್ನುತ್ತಾಳೆ. "ಬಿಚ್ಚಿ."

ಬಿಚ್ಚುತ್ತೇನೆ.

ಚಳಿ ಜೋರಾಗಿದೆ. ಅವಳು ಬೆಳಿಗ್ಗೆ ಎದ್ದು ಹಳೆಯ ಹೊದಿಕೆಯನ್ನೇ ಸುತ್ತಿಕೊಂಡು ಅಂಗೈ ಉಜ್ಜುತ್ತಾ ಅಡುಗೆಮನೆಗೆ ಹೋಗುವುದನ್ನು ನೋಡುತ್ತೇನೆ. ಈ ಸಲದ ಸರದಿ ಅಕ್ಕನದು, ಅವರೂ ತಮ್ಮ ಮನೆಯಲ್ಲಿ ಹಾಗೇ ಇರಬೇಕು. ತಾಯಿ ಇಬ್ಬರಿಗೆಂದು ಬಿಟ್ಟುಹೋದ ಬೆಚ್ಚಗಿನ ವಸ್ತುವನ್ನು ಈ ವರ್ಷ ಮೂರನೆಯವನಾದ ನಾನು ಮಡಿಲಲ್ಲಿಟ್ಟುಕೊಂಡು ಕೂತಿದ್ದೇನೆ. ಒಂದು ಚೂರೂ ಬೆಚ್ಚಗಾಗುವುದಿಲ್ಲ.

ಹಾಲ್‌ನ ಆ ಫೋಟೋ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ದಿನ ತೆಗೆಯಲು ಸ್ಟೂಲು ಹತ್ತಿದೆ.

"ಇರಲಿ ಬಿಡ್ರೀ," ಎಂದಳು ಅವಳು. "ಅಮ್ಮನ ಹಳದಿ ಚೆನ್ನಾಗಿ ಉಳಿದಿರೋದು ಅಲ್ಲೊಂದೇ."

ಇಳಿದು ಸ್ಟೂಲು ಮೂಲೆಗಿಟ್ಟೆ. ಅವಳು ಹಾಗೆ ಹೇಳಿದ್ದು ಕ್ಷಮೆಯೋ ಶಿಕ್ಷೆಯೋ ಎಂದು ಇನ್ನೂ ಗುರುತಿಸಲಾಗಿಲ್ಲ.

ನಿನ್ನೆ ಅವಳ ಶಾಲೆಯ ವಿಜ್ಞಾನದ ಮೇಡಂ ಮನೆಗೆ ಬಂದಿದ್ದರು. ಚಿತ್ರದ ಮುಂದೆ ತುಂಬ ಹೊತ್ತು ನಿಂತರು. "ಎಷ್ಟು ಚೆಂದ! ಏನ್ರೀ ಇದು?"

"ನಮ್ಮಮ್ಮನ ಶಾಲು," ಎಂದಳು ನನ್ನ ಹೆಂಡತಿ.

"ಗೂಡಿನ ಹಾಗೆ ಕಾಣತ್ತಲ್ಲ? ಒಳಗೆ ಹುಳ ಇದ್ಯಾ?"

"ಒಳಗಿಲ್ಲ, ಹೊರಗೆ ಬಂದಿದೆ. ನೋಡಿ, ಅಲ್ಲಿ ಕಿಟಕಿ ಹತ್ತಿರ ಕೂತು ಹೊಲೀತಾ ಇದೆ."

ಅವರು ನನ್ನತ್ತ ತಿರುಗಿದರು. ನಾನು ಭೂತಗನ್ನಡಿ ಸರಿಮಾಡಿಕೊಂಡು ಇನ್ನಷ್ಟು ಬಗ್ಗಿ ಕೂತೆ. ಹಳದಿ ಇನ್ನೂ ಹೊಂದಿಲ್ಲ.